ಮದುವೆ ವಿಡಿಯೋ ಕೆಲಸಕ್ಕೆ ಆಪಲ್ ಕ್ರಿಯೇಟರ್ ಸ್ಟುಡಿಯೋ ಸಾಕಾ, ಇಲ್ಲಾ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳಬೇಕಾ?

ಹಾಸನದ ಸ್ಟುಡಿಯೋ:
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ಮದುವೆ, ಗೃಹಪ್ರವೇಶ, ನಾಮಕರಣ, ಜೊತೆಗೆ ಲಗ್ನಪತ್ರಿಕೆ ಡಿಸೈನ್. ಹಳೇ ವಿಂಡೋಸ್ ಕಂಪ್ಯೂಟರ್ ಪೂರ್ತಿ ಸುಸ್ತಾಗಿತ್ತು, ಹೋದ ವಾರ ಹೊಸ ಮ್ಯಾಕ್ ಮಿನಿ ತಂದೆ. ಮಗಳು ಬೆಂಗಳೂರಿನಲ್ಲಿ ಚಿತ್ರಕಲೆ ಓದುತ್ತಿದ್ದಾಳೆ, ಅವಳ ಹತ್ತಿರ ಎಂ1 ಐಪ್ಯಾಡ್ ಏರ್ ಇದೆ.

2026ರ ಜನವರಿಯಲ್ಲಿ ಆಪಲ್‌ನವರು ವಿಡಿಯೋ ಎಡಿಟಿಂಗ್‌ನ ಫೈನಲ್ ಕಟ್ ಪ್ರೋ, ಸಂಗೀತದ ಲಾಜಿಕ್ ಪ್ರೋ, ಫೋಟೋದ ಪಿಕ್ಸೆಲ್‌ಮೇಟರ್ ಪ್ರೋ, ಮೋಷನ್, ಕಂಪ್ರೆಸರ್, ಮೇನ್‌ಸ್ಟೇಜ್ ಎಲ್ಲಾ ಸೇರಿಸಿ ತಿಂಗಳಿಗೆ 399 ರೂಪಾಯಿ, ವರ್ಷಕ್ಕೆ 3,999ಕ್ಕೆ ಕ್ರಿಯೇಟರ್ ಸ್ಟುಡಿಯೋ ಅಂತ ಪ್ಯಾಕ್ ಬಿಟ್ಟಿದ್ದಾರಲ್ಲ, ಅದನ್ನು ತೆಗೆದುಕೊಳ್ಳಬಹುದಾ? ನನಗೆ ಭಯ ಇರೋದು ಒಂದೇ. ಆಷಾಢ ಬಂತು ಅಂದರೆ ನಮ್ಮ ಕಡೆ ಒಂದು ಮದುವೆಯೂ ಇರಲ್ಲ, ದುಡ್ಡು ಕಟ್ಟೋದು ಮಾತ್ರ ನಿಲ್ಲಲ್ಲ. ಹಿಂದೆ ಬೇರೊಂದು ಕಂಪನಿಯ ಪ್ಯಾಕ್ ತೆಗೆದುಕೊಂಡು ಕೈ ಸುಟ್ಟುಕೊಂಡಿದ್ದೇನೆ. ತಿಂಗಳ ಲೆಕ್ಕ ಅಂದುಕೊಂಡಿದ್ದೆ, ನೋಡಿದರೆ ಒಂದು ವರ್ಷದ ಒಪ್ಪಂದ ಆಗಿತ್ತು, ಮಧ್ಯದಲ್ಲಿ ಬಿಡ್ತೀನಿ ಅಂದಾಗ ಉಳಿದ ತಿಂಗಳಿಗೂ ಸೇರಿಸಿ ದಂಡ ಕೇಳಿದರು. ಅನುಭವ ಇರುವವರು ದಯವಿಟ್ಟು ಹೇಳಿ.

ಟೈಮ್‌ಲೈನ್:
ಅಣ್ಣಾ, ಮೊದಲು ಒಂದು ಕೆಲಸ ಮಾಡಿ. ಹೊಸ ಮ್ಯಾಕ್ ಅಂದ್ರಲ್ಲ, ಹೊಸದಾಗಿ ಕೊಂಡವರಿಗೆ ಮೂರು ತಿಂಗಳು ಉಚಿತ ಕೊಡ್ತಾರೆ, ನಿಮಗೆ ಸಿಗುತ್ತಾ ನೋಡಿ. ಬೇರೆಯವರಿಗೆಲ್ಲ ಒಂದೇ ತಿಂಗಳು.

ಈಗ ಲೆಕ್ಕ. ಮ್ಯಾಕ್‌ಗೆ ಫೈನಲ್ ಕಟ್ ಒಂದನ್ನೇ ಶಾಶ್ವತವಾಗಿ ಕೊಂಡರೆ ಹತ್ತಿರ ಹತ್ತಿರ 30 ಸಾವಿರ. ಅಮೆರಿಕದಲ್ಲಿ ಅದು 299.99 ಡಾಲರ್, ಅಲ್ಲಿ ಈ ಪ್ಯಾಕ್‌ಗೆ ವರ್ಷಕ್ಕೆ 129 ಡಾಲರ್. ಅಂದರೆ ಅಲ್ಲಿಯವರಿಗೆ ಎರಡೂವರೆ ವರ್ಷಕ್ಕಿಂತ ಹೆಚ್ಚು ಬಳಸುವುದಾದರೆ ಕೊಂಡದ್ದೇ ಲಾಭ. ನಮಗೆ ಹಾಗಲ್ಲ, 3,999ರ ಹಾಗೆ ಕಟ್ಟುತ್ತಾ ಹೋದರೆ 30 ಸಾವಿರ ಆಗಲು ಏಳೂವರೆ ವರ್ಷ ಬೇಕು. ಯೂಟ್ಯೂಬ್‌ನಲ್ಲಿ ಅಲ್ಲಿನವರು ಬೇಡ ಅಂದರು ಅಂತ ನಾವೂ ಬೇಡ ಅನ್ನಬೇಕಿಲ್ಲ. ಆದರೆ ಇದೇ ದರ ಏಳು ವರ್ಷ ಇರುತ್ತೆ ಅಂತ ನಂಬಬೇಡಿ.

ಐಪ್ಯಾಡ್‌ಗಾದರೆ ಫೈನಲ್ ಕಟ್, ಲಾಜಿಕ್ ಶಾಶ್ವತವಾಗಿ ಕೊಳ್ಳಲು ಸಿಗೋದೇ ಇಲ್ಲ, ಕಟ್ಟುತ್ತಲೇ ಇರಬೇಕು. ಫ್ಯಾಮಿಲಿ ಶೇರಿಂಗ್‌ನಲ್ಲಿ ಒಟ್ಟು ಆರು ಜನ ಬಳಸಬಹುದು, ಮಗಳನ್ನು ಅದರಲ್ಲೇ ಸೇರಿಸಿ. ವಿದ್ಯಾರ್ಥಿಗಳ ದರ ತಿಂಗಳಿಗೆ 199 ಇದೆ, ಆದರೆ ಅದನ್ನು ಮನೆಯವರ ಜೊತೆ ಹಂಚಿಕೊಳ್ಳಲು ಬರಲ್ಲ.

ಆಷಾಢದ ವಿಷಯ: ತಿಂಗಳ ಪ್ಲಾನ್ ತೆಗೆದುಕೊಂಡರೆ ಸೀಸನ್ ಮುಗಿದ ಮೇಲೆ ನಿಲ್ಲಿಸಿ, ಶ್ರಾವಣದಲ್ಲಿ ಮತ್ತೆ ಶುರು ಮಾಡಬಹುದು. ನಿಲ್ಲಿಸಿದರೆ ಪ್ರಾಜೆಕ್ಟ್ ಫೈಲ್ ನಿಮ್ಮ ಡ್ರೈವ್‌ನಲ್ಲೇ ಇರುತ್ತೆ, ತೆಗೆಯಲು ಆ್ಯಪ್ ಮಾತ್ರ ಇರಲ್ಲ. ಮದುವೆ ಮನೆಯವರು ಆರು ತಿಂಗಳು ಬಿಟ್ಟು ಫೋನ್ ಮಾಡಿ "ಧಾರೆಯ ಹತ್ತಿರ ನಮ್ಮ ಅತ್ತೆ ಬಂದೇ ಇಲ್ಲ, ಸೇರಿಸಿಕೊಡಿ" ಅಂತಾರಲ್ಲ, ಆಗ ಕಷ್ಟ. ಅದಕ್ಕೆ ನಿಲ್ಲಿಸುವ ಮೊದಲು ಪ್ರತಿ ಮದುವೆಯ ಒಂದು ಪ್ರೋರೆಸ್ ಮಾಸ್ಟರ್ (ಒಳ್ಳೆ ಗುಣಮಟ್ಟದ ಪೂರ್ತಿ ವಿಡಿಯೋ) ತೆಗೆದು, ಮೂಲ ಕ್ಲಿಪ್‌ಗಳ ಜೊತೆ ಇಟ್ಟುಬಿಡಿ.

ಇನ್ನೊಂದು, ಐಪ್ಯಾಡ್‌ನಲ್ಲಿ ಶುರು ಮಾಡಿದ ಎಡಿಟ್ ಮ್ಯಾಕ್‌ಗೆ ಹೋಗುತ್ತೆ, ಮ್ಯಾಕ್‌ನದು ಐಪ್ಯಾಡ್‌ಗೆ ವಾಪಸ್ ಬರಲ್ಲ. ನಾನು ಇದು ಗೊತ್ತಿಲ್ಲದೆ ಎರಡು ದಿನ ಒದ್ದಾಡಿದ್ದೆ.

ಧಾರವಾಡದ ಡಿಟಿಪಿ:
ವಿಡಿಯೋ ವಿಷಯ ಅವರು ಹೇಳಿದರು, ನಾನು ಪತ್ರಿಕೆ ಕೆಲಸದ ಬಗ್ಗೆ ಹೇಳ್ತೀನಿ ಸರ್. ಈ ಪ್ಯಾಕ್‌ನಲ್ಲಿ ಇನ್‌ಡಿಸೈನ್ ತರಹದ ಪುಟ ವಿನ್ಯಾಸದ ಆ್ಯಪ್ ಯಾವುದೂ ಇಲ್ಲ. ಪಿಕ್ಸೆಲ್‌ಮೇಟರ್ ಫೋಟೋಗೆ ಚೆನ್ನಾಗಿದೆ, ಆದರೆ ನಿಮ್ಮ ಪ್ರೆಸ್‌ನವರು ಯಾವ ಫೈಲ್ ಕೇಳ್ತಾರೆ ಅಂತ ಮೊದಲು ಕೇಳಿ.

ನಾನು ಇನ್‌ಡಿಸೈನ್, ಫೋಟೋಶಾಪ್ ಮಾಡುವ ಅಡೋಬಿಯ ಪ್ಯಾಕ್ ಒಂದೇ ಸಲ ಕೊಳ್ಳುತ್ತಿದ್ದ ಸಿಎಸ್6 ಕಾಲದವಳು. 2012ರಲ್ಲಿ ಬಂದ ಅದೇ ಕೊನೆ, 2013ರಿಂದ ಹೊಸದೆಲ್ಲ ಚಂದಾ ಲೆಕ್ಕದಲ್ಲೇ. ಆಗ ತುಂಬಾ ಬೇಜಾರಾಗಿತ್ತು, ಇವತ್ತಿಗೂ ಇದೆ. ಆದರೂ ಕಟ್ಟುತ್ತಿದ್ದೇನೆ, ಯಾಕಂದ್ರೆ ನನ್ನ ಕೆಲಸ ಪೂರ್ತಿ ಕನ್ನಡದ್ದು. ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅನ್ನೋ ಸೆಟ್ಟಿಂಗ್ ಹಾಕಿದರೆ ಒತ್ತಕ್ಷರ ಸರಿಯಾಗಿ ಕೂರುತ್ತೆ. ಫೋಟೋಶಾಪ್‌ನಲ್ಲೂ ವರ್ಲ್ಡ್ ರೆಡಿ ಲೇಔಟ್ ಅಂತ ಇದೆ, ಅದು ಆನ್ ಇಲ್ಲದೆ ಎಷ್ಟೋ ಜನ ಕನ್ನಡ ಒಡೆಯುತ್ತೆ ಅಂತ ಕೈಬಿಡ್ತಾರೆ.

ಅಫಿನಿಟಿ ಅನ್ನೋ ಡಿಸೈನ್ ಆ್ಯಪನ್ನು 2024ರಲ್ಲಿ ಕ್ಯಾನ್ವಾದವರು ಕೊಂಡರು, 2025ರ ಅಕ್ಟೋಬರ್‌ನಿಂದ ಉಚಿತವಾಗಿ ಕೊಡ್ತಿದ್ದಾರೆ. ಅದರ ಹಳೇ ಆವೃತ್ತಿಯಲ್ಲಿ ನಮ್ಮ ಒತ್ತಕ್ಷರ ಸರಿ ಬರುತ್ತಿರಲಿಲ್ಲ. ಯಾವುದೇ ಆ್ಯಪ್ ಇರಲಿ, ದುಡ್ಡು ಕಟ್ಟುವ ಮೊದಲು "ಜ್ಯೇಷ್ಠ", "ಲಕ್ಷ್ಮಿ", "ಸ್ವರ್ಣಗೌರಿ", "ಶಾಸ್ತ್ರೋಕ್ತ" ಟೈಪ್ ಮಾಡಿ, ಪಿಡಿಎಫ್ ತೆಗೆದು, ದೊಡ್ಡದು ಮಾಡಿ ನೋಡಿ. ವರನ ಹೆಸರೇ ತಪ್ಪಾಗಿ ಐನೂರು ಪ್ರತಿ ಅಚ್ಚಾದರೆ ಆ ಮನೆಯವರ ಮುಂದೆ ನಿಲ್ಲೋದು ನಾವೇ ಅಲ್ವಾ.

ಬಣ್ಣದ ಹುಚ್ಚು:
ಡಾವಿಂಚಿ ರಿಸಾಲ್ವ್ ಅನ್ನೋ ವಿಡಿಯೋ ಎಡಿಟಿಂಗ್ ಆ್ಯಪ್ ಯಾರೂ ಹೇಳಲಿಲ್ಲ! ಸುಮ್ನೆ ದುಡ್ಡು ಕಟ್ಟುವ ಮೊದಲು ಅದನ್ನು ಒಂದು ಮದುವೆಗೆ ಬಳಸಿ ನೋಡಿ. ಉಚಿತ ಆವೃತ್ತಿಯಲ್ಲೇ 4ಕೆ ಅಲ್ಟ್ರಾ ಎಚ್‌ಡಿವರೆಗೂ ತೆಗೆಯಬಹುದು, ಬಣ್ಣದ ಕೆಲಸಕ್ಕೆ ಅದರಷ್ಟು ಒಳ್ಳೆಯದು ನಾನಂತೂ ನೋಡಿಲ್ಲ. ಕತ್ತಲ ಮಂಟಪದ ಶಾಟ್‌ಗೆ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳು ಕಡಿಮೆ ಮಾಡೋದು) ಬೇಕಾದರೆ ಮಾತ್ರ ಸ್ಟುಡಿಯೋ ಆವೃತ್ತಿ ಬೇಕು, ಅದು 295 ಡಾಲರ್, ಒಂದೇ ಸಲ. ಕಲಿಯಲು ಸ್ವಲ್ಪ ಜಾಸ್ತಿ ದಿನ ಹಿಡಿಯುತ್ತೆ, ಅದು ನಿಜ.

ಮಗಳಿಗೆ ಚಿತ್ರ ಬಿಡಿಸಲು ಪ್ರೊಕ್ರಿಯೇಟ್ ಕೊಡಿಸಿ. ಅದಕ್ಕೂ ಒಂದೇ ಸಲ ದುಡ್ಡು.

ಮತ್ತೆ ದುಡ್ಡು ತಾನಾಗಿ ಕಟ್ ಆಗುವ ಭಯ ಇದ್ದರೆ, ಆರ್‌ಬಿಐ ನಿಯಮದ ಪ್ರಕಾರ ಕಟ್ ಆಗುವ 24 ಗಂಟೆ ಮೊದಲು ಬ್ಯಾಂಕ್‌ನಿಂದ ಮೆಸೇಜ್ ಬರಬೇಕು. ಅದನ್ನು ಓದದೆ ಅಳಿಸಬೇಡಿ.

ಹಾಸನದ ಸ್ಟುಡಿಯೋ:
ಎಲ್ಲರಿಗೂ ತುಂಬಾ ಧನ್ಯವಾದ. ಮೂರು ತಿಂಗಳ ಆಫರ್ ಸಿಕ್ಕಿತು! ಮಗಳನ್ನೂ ಸೇರಿಸಿದೆ. ಈ ಸೀಸನ್ ಫೈನಲ್ ಕಟ್‌ನಲ್ಲಿ ಮಾಡ್ತೀನಿ, ಆಷಾಢದಲ್ಲಿ ಕೂತು ರಿಸಾಲ್ವ್ ಕಲಿಯುತ್ತೇನೆ. ಮೇಡಂ, ನೀವು ಹೇಳಿದ ಪದಗಳನ್ನು ಪಿಕ್ಸೆಲ್‌ಮೇಟರ್‌ನಲ್ಲಿ ಇವತ್ತು ರಾತ್ರಿ ನೋಡ್ತೀನಿ. ಆದರೆ ನನ್ನ ಹಳೇ ಪತ್ರಿಕೆಗಳೆಲ್ಲ ನುಡಿ ತಂತ್ರಾಂಶದಲ್ಲಿವೆ, ಮ್ಯಾಕ್‌ಗೆ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತಿದೆ?

ಧಾರವಾಡದ ಡಿಟಿಪಿ:
ಅದು ಇಂಗ್ಲಿಷ್ ಅಕ್ಷರಗಳ ಕೋಡ್‌ನಲ್ಲೇ ಕನ್ನಡ ತೋರಿಸುವ ಹಳೇ ಆಸ್ಕಿ ಪಠ್ಯ ಸರ್, ಫೈಲ್ ಹಾಳಾಗಿಲ್ಲ. ಈಗ ಎಲ್ಲ ಕಡೆ ಬಳಸುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಆಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಒಂದೊಂದೇ ಓದಿ ನೋಡಿ. ಒಂದು ಪುಟ ಇಲ್ಲಿ ಹಾಕಿದರೆ ನಾನೂ ನೋಡ್ತೀನಿ.