ಫೀನಿಕ್ಸ್ ಬಿಸಿಲಲ್ಲಿ ಗಾಂಜಾ ಗಿಡ ಸೊರಗುತ್ತಿದೆ, ಏನು ಮಾಡಲಿ?

ಪ್ರಶ್ನೆ (ಚಾಂಡ್ಲರ್, ಅರಿಜೋನಾ): ನಮಸ್ಕಾರ ಸರ್. ನನಗೂ ನಮ್ಮ ಯಜಮಾನರಿಗೂ ಅಮೆರಿಕದ ಪೌರತ್ವ ಇದೆ. ಇಲ್ಲಿ ಮನೆ ಬಳಕೆಗೆ ಬೆಳೆಯಬಹುದು ಅಂತ ಏಪ್ರಿಲ್ ಕೊನೆಯಲ್ಲಿ ಎರಡು ಗಾಂಜಾ ಗಿಡ ಹಾಕಿದೆವು. ಕಪ್ಪು ಪ್ಲಾಸ್ಟಿಕ್ ಕುಂಡ, ಹಿತ್ತಲ ಕಾಂಪೌಂಡ್ ಗೋಡೆಗೆ ಒತ್ತಿ ಇಟ್ಟಿದ್ದೇವೆ. ಈಗ ಜೂನ್ ಮಧ್ಯ. ಎಲೆಯ ಎರಡೂ ಅಂಚು ಮೇಲಕ್ಕೆ ಮಡಚಿ ದೋಣಿ ಥರ ಆಗಿದೆ, ತುದಿ ಕಂದು ಬಣ್ಣಕ್ಕೆ ತಿರುಗಿದೆ. ಮಧ್ಯಾಹ್ನ ಪೂರ್ತಿ ಜೋತು ಬೀಳುತ್ತವೆ. ದಿನಕ್ಕೆ ಮೂರು ಹೊತ್ತು ನೀರು ಹಾಕ್ತಿದ್ದೇವೆ. ಗಿಡ ಉಳಿಯುತ್ತಾ?

ಉತ್ತರ: ಉಳಿಯುತ್ತೆ ಮೇಡಂ, ಆದರೆ ಇವತ್ತೇ ಆ ಗೋಡೆಯಿಂದ ಈಚೆಗೆ ತನ್ನಿ. ನಮ್ಮ ಕಡೆಯ ಸಿಮೆಂಟ್ ಇಟ್ಟಿಗೆಯ ಗೋಡೆ ಮಧ್ಯಾಹ್ನವಿಡೀ ಬಿಸಿಲು ಕುಡಿದು, ರಾತ್ರಿಯೆಲ್ಲ ಆ ಶಾಖವನ್ನು ಗಿಡದ ಮೇಲೆ ಬಿಡುತ್ತದೆ. ಗಿಡಕ್ಕೆ ರಾತ್ರಿಯೂ ವಿಶ್ರಾಂತಿ ಇಲ್ಲ. ರಾತ್ರಿ ಹತ್ತು ಗಂಟೆಗೆ ಗೋಡೆಗೆ ಕೈಯಿಟ್ಟು ನೋಡಿ, ಗೊತ್ತಾಗುತ್ತೆ. ಮನೆಯ ಪೂರ್ವ ಬದಿಗೆ ಇಟ್ಟರೆ ಒಳ್ಳೇದು. ಬೆಳಗಿನ ಬಿಸಿಲು ಸಿಗುತ್ತದೆ, ಮಧ್ಯಾಹ್ನ ಒಂದು ಗಂಟೆಯ ಮೇಲೆ ಮನೆಯದ್ದೇ ನೆರಳು.

ಎರಡನೇದು ಕುಂಡ. ಬಿಸಿಲಿಗೆ ಬಿದ್ದ ಕಪ್ಪು ಕುಂಡದ ಬದಿಯ ಮಣ್ಣು ಜೂನ್‌ನಲ್ಲಿ 50 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಬೇರು ಅಲ್ಲೇ ಸುಟ್ಟುಹೋಗುತ್ತೆ. ಮೇಲೆ ಎಷ್ಟು ನೀರಿದ್ದರೂ ಬೇರಿಲ್ಲದ ಗಿಡ ಎಳೆದುಕೊಳ್ಳುವುದು ಹೇಗೆ? ಈಗ ಬೇರು ಅಲುಗಾಡಿಸಿ ಕುಂಡ ಬದಲಿಸಬೇಡಿ. ಆ ಕುಂಡವನ್ನು ಇನ್ನೊಂದು ದೊಡ್ಡ, ತಿಳಿ ಬಣ್ಣದ ಕುಂಡದೊಳಗೆ ಇಳಿಸಿ, ನಡುವೆ ಒಣಹುಲ್ಲು ತುಂಬಿ. ಕೆಳಗೆ ಎರಡು ಇಟ್ಟಿಗೆ ಕೊಡಿ, ಕಾದ ಕಾಂಕ್ರೀಟಿಗೆ ತಾಗದಿರಲಿ. ಮಣ್ಣಿನ ಮೇಲೂ ನಾಲ್ಕು ಬೆರಳು ದಪ್ಪ ಹುಲ್ಲು ಹೊದಿಸಿ. ಮೇಲೆ ಶೇಕಡಾ 30ರಿಂದ 40 ನೆರಳು ಕೊಡುವ ಶೇಡ್ ನೆಟ್ ಕಟ್ಟಿ. 70, 80ರದ್ದು ಬೇಡ, ಗಿಡ ಬೆಳಕಿಗೆ ಪರದಾಡಿ ಸಣಕಲಾಗುತ್ತದೆ. ಈ ಗಿಡಕ್ಕೆ 25ರಿಂದ 30 ಡಿಗ್ರಿ ಹಿತ. 43 ಡಿಗ್ರಿಯಲ್ಲಿ, ಅಂದರೆ ಇಲ್ಲಿಯ ಲೆಕ್ಕದ 110 ಫ್ಯಾರನ್‌ಹೀಟ್‌ನಲ್ಲಿ, ಅದು ಎಲೆಯ ರಂಧ್ರ ಮುಚ್ಚಿಕೊಂಡು ಸುಮ್ನೆ ಕೂರುತ್ತದೆ. ಅಂಚು ಮಡಚುವುದು ಬಿಸಿಲಿಗೆ ಒಡ್ಡುವ ಮೈ ಕಡಿಮೆ ಮಾಡಿಕೊಳ್ಳಲು. ಅದು ರೋಗವಲ್ಲ.

ಕಾನೂನಿನ ಮಾತೂ ಇಲ್ಲೇ ಹೇಳಿಬಿಡ್ತೀನಿ. 2020ರ ನವೆಂಬರ್‌ನಲ್ಲಿ ಅರಿಜೋನಾ ಮತದಾರರು ವಯಸ್ಕರಿಗೆ ಗಾಂಜಾ ಕಾನೂನುಬದ್ಧ ಮಾಡುವ ಪ್ರೊಪೊಸಿಷನ್ 207 ಒಪ್ಪಿದರು. 21 ತುಂಬಿದ ಒಬ್ಬರಿಗೆ 6 ಗಿಡ, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 12. ಜಾಗ ಆವರಣದೊಳಗಿರಬೇಕು, ಮಕ್ಕಳು ಹೋಗದಂತೆ ಬೀಗ ಇರಬೇಕು, ದುರ್ಬೀನು ಹಿಡಿಯದೆ ಹೊರಗಿನವರಿಗೆ ಗಿಡ ಕಾಣಬಾರದು. ಮಾರುವ ಹಾಗಿಲ್ಲ. ಜಾಲರಿಯ ಪಂಜರ ಮಾಡಿ ಅದರ ಮೇಲೇ ಶೇಡ್ ನೆಟ್ ಹಾಕಿ ಬಾಗಿಲಿಗೆ ಬೀಗ ಜಡಿದರೆ ಎರಡೂ ಕೆಲಸ ಆಯಿತು. ನಾಯಿ ಸಾಕಿದ್ದರೆ ಅದಕ್ಕೂ ಪಂಜರ ಬೇಕು. ಹೂವು ತಿಂದ ನಾಯಿಯನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಬೇಕಾಗುತ್ತದೆ.

ಪ್ರಶ್ನೆ (ಅದೇ ಸದಸ್ಯರು): ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ನೀರು ಇನ್ನೂ ಜಾಸ್ತಿ ಹಾಕಬೇಕಾ? ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆ, ಅದು ಬೂಷ್ಟಾ?

ಉತ್ತರ: ಬೂಷ್ಟಲ್ಲ, ಉಪ್ಪು. ಎಲೆಯ ತುದಿ ಕಂದಾಗಿದ್ದಕ್ಕೂ ಅದೇ ಮುಖ್ಯ ಕಾರಣ ಅಂತ ನನ್ನ ಅಂದಾಜು. ನಮ್ಮ ನಲ್ಲಿಗೆ ಬರುವುದು ಬಹುಪಾಲು ಕೊಲರಾಡೊ ನದಿ ಮತ್ತು ಸಾಲ್ಟ್ ನದಿಯ ನೀರು, ಗಡಸು ನೀರು. ನೀವು ಮೂರು ಹೊತ್ತು ಸ್ವಲ್ಪ ಸ್ವಲ್ಪ ಹಾಕಿದಾಗ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮಾತ್ರ ಮಣ್ಣಲ್ಲೇ ಉಳಿಯುತ್ತದೆ. ಈ ಮರಳುಗಾಡಲ್ಲಿ ಬಿಸಿಲಿಗೆ ಸತ್ತವು ಅಂತ ಜನ ಹೇಳುವ ಎಷ್ಟೋ ಗಿಡ ನಿಜವಾಗಿ ಸತ್ತಿದ್ದು ಈ ಉಪ್ಪಿನಿಂದ.

ಬೆಳಗ್ಗೆ ಸೂರ್ಯ ಏರುವ ಮೊದಲು ಒಮ್ಮೆ, ನಿಧಾನಕ್ಕೆ, ಕುಂಡದ ತಳದಿಂದ ನೀರು ಹರಿದು ಬರುವ ತನಕ ಹಾಕಿ. ಹಾಕಿದ್ದರಲ್ಲಿ ಹತ್ತನೇ ಒಂದು ಪಾಲಾದರೂ ಕೆಳಗೆ ಇಳಿದು ಉಪ್ಪನ್ನು ಕೊಚ್ಚಿಕೊಂಡು ಹೋಗಲಿ. ತಟ್ಟೆಯಲ್ಲಿ ನಿಂತ ಆ ನೀರನ್ನು ಚೆಲ್ಲಿಬಿಡಿ, ಇಲ್ಲದಿದ್ದರೆ ಗಿಡ ಅದನ್ನೇ ಮತ್ತೆ ಹೀರುತ್ತದೆ. ಸಂಜೆ ಬೆರಳನ್ನು ಎರಡು ಗೆಣ್ಣು ಆಳಕ್ಕೆ ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ಇನ್ನೊಮ್ಮೆ. ಮಧ್ಯಾಹ್ನ ಮೂರಕ್ಕೆ ಜೋತು ಬಿದ್ದದ್ದು ನೋಡಿ ಗಾಬರಿಯಾಗಬೇಡಿ. ಬೆಳಗ್ಗೆ ಆರಕ್ಕೆ ನೆಟ್ಟಗೆ ನಿಂತಿದ್ದರೆ ಗಿಡ ಚೆನ್ನಾಗಿದೆ. ಆರಕ್ಕೂ ಜೋತಿದ್ದರೆ ಯೋಚಿಸಬೇಕು.

ಇನ್ನೊಂದು. ಬಿಸಿಲಲ್ಲಿ ಬಿದ್ದಿರುವ ಪೈಪಿನೊಳಗಿನ ನೀರು ಕೈ ಸುಡುವಷ್ಟು ಕಾದಿರುತ್ತದೆ. ಅದನ್ನು ನೇರ ಬುಡಕ್ಕೆ ಬಿಟ್ಟರೆ ಬೇರು ಬೆಂದೇ ಹೋಗುತ್ತೆ. ಮೊದಲು ಬಕೆಟ್ಟಿಗೆ ಹಿಡಿದು, ತಣ್ಣಗಿನ ನೀರು ಬಂದ ಮೇಲೆ ಗಿಡಕ್ಕೆ ತಿರುಗಿಸಿ.

ಪ್ರಶ್ನೆ (ಟೂಸಾನ್): ಸರ್, ನಮ್ಮದು ನೆಲದಲ್ಲೇ ನೆಟ್ಟಿದ್ದು. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಸಾರಜನಕ ಕಮ್ಮಿ ಅಂತ ಗೊಬ್ಬರ ಹಾಕಿದೆ, ಏನೂ ಬದಲಾಗಲಿಲ್ಲ.

ಉತ್ತರ: ಸಾರಜನಕ ಕಮ್ಮಿಯಾದರೆ ಕೆಳಗಿನ ಹಳೇ ಎಲೆ ಮೊದಲು ಹಳದಿಯಾಗುತ್ತದೆ. ಮೇಲಿನ ಎಳೇ ಎಲೆ ಹಳದಿಯಾಗಿ ನರ ಹಸಿರು ಉಳಿದರೆ ಕಬ್ಬಿಣ ಸಿಗುತ್ತಿಲ್ಲ ಅಂತ ಅರ್ಥ. ನಿಮ್ಮ ಮಣ್ಣಲ್ಲಿ ಕಬ್ಬಿಣ ಇದೆ. ಆದರೆ ಇಲ್ಲಿಯ ಮಣ್ಣಿನ ಪಿಎಚ್ 8ರ ಮೇಲೆ, ಆ ಕ್ಷಾರದಲ್ಲಿ ಬೇರಿಗೆ ಅದು ದಕ್ಕುವುದಿಲ್ಲ. ನರ್ಸರಿಯಲ್ಲಿ ಚಿಲೇಟೆಡ್ ಕಬ್ಬಿಣ ಕೇಳಿ. ಚೀಟಿಯಲ್ಲಿ ಇಡಿಡಿಎಚ್‌ಎ ಅಂತ ಇರಬೇಕು. ಇಡಿಟಿಎ ಅಂತ ಇರುವುದು ಇಷ್ಟು ಕ್ಷಾರದ ಮಣ್ಣಲ್ಲಿ ನಿಲ್ಲುವುದಿಲ್ಲ.

ಗುಂಡಿ ತೋಡುವಾಗ ಹಾರೆ ಠಣ್ ಅಂತ ಹಿಂದಕ್ಕೆ ಹಾರಿತ್ತಾ? ಹಾಗಿದ್ದರೆ ಕೆಳಗೆ ಸುಣ್ಣ ಗಟ್ಟಿಯಾಗಿ ಕಟ್ಟಿದ ಪದರ ಇದೆ, ಇಲ್ಲಿಯವರು ಕಲೀಚಿ ಅನ್ನುತ್ತಾರೆ. ನೀರು ಅದನ್ನು ದಾಟುವುದಿಲ್ಲ, ಬೇರೂ ದಾಟುವುದಿಲ್ಲ. ಮುಂದಿನ ಸಲ ಗುಂಡಿಗೆ ಒಂದು ಬಕೆಟ್ ನೀರು ಸುರಿದು ಬಿಡಿ. ಮಾರನೇ ದಿನವೂ ನಿಂತಿದ್ದರೆ ಆ ಜಾಗ ಬೇಡ. 15ರಿಂದ 20 ಗ್ಯಾಲನ್ ಹಿಡಿಯುವ ತಿಳಿ ಬಣ್ಣದ ಬಟ್ಟೆ ಚೀಲದಲ್ಲಿ ಕಾಂಪೋಸ್ಟ್ ಮಣ್ಣು ಮಾಡಿಕೊಂಡು ನೆಡಿ.

ಪ್ರಶ್ನೆ (ಟೆಂಪಿ): ಅಣ್ಣಾ, ನಾನು ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದೀನಿ. ರಾಜ್ಯದಲ್ಲಿ ಕಾನೂನುಬದ್ಧ ಅಲ್ವಾ, ಒಂದು ಗಿಡ ಇಟ್ಟರೆ ತೊಂದರೆನಾ? ಊರಿಗೆ ಹೋಗುವಾಗ ನಾಲ್ಕು ಬೀಜ ಒಯ್ಯಬಹುದಾ?

ಉತ್ತರ: ಬೇಡ ತಮ್ಮಾ. ಎರಡೂ ಬೇಡ. ರಾಜ್ಯ ಬಿಟ್ಟರೂ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಇದು ನಿಯಂತ್ರಿತ ವಸ್ತು, ವೀಸಾ ನೋಡುವವರು ಕೇಂದ್ರದವರು. ರಾಜ್ಯದ ಕಾನೂನು ಒಪ್ಪಿದ ಬಳಕೆಯೂ ಪೌರತ್ವದ ಅರ್ಜಿಗೆ ಅಡ್ಡ ಬರಬಹುದು ಅಂತ ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲೇ ಸ್ಪಷ್ಟ ಮಾಡಿದೆ. ಗ್ರೀನ್ ಕಾರ್ಡ್ ಇದ್ದವರಿಗೂ ಇದೇ ಮಾತು. ಶಿಕ್ಷೆಯೇ ಆಗಬೇಕು ಅಂತಿಲ್ಲ, ಹೌದು ಬೆಳೆದಿದ್ದೆ ಅಂತ ಅಧಿಕಾರಿಯ ಮುಂದೆ ಒಪ್ಪಿಕೊಂಡರೂ ಕಷ್ಟ. ಇಷ್ಟು ವರ್ಷ ಓದಿ, ದುಡಿದು ಕಟ್ಟಿಕೊಂಡ ಬದುಕನ್ನು ಒಂದು ಗಿಡಕ್ಕೆ ಪಣ ಇಡಬೇಡ. ಅನುಮಾನ ಇದ್ದರೆ ವಲಸೆ ವಕೀಲರನ್ನು ಕೇಳು.

ಇನ್ನು ಊರಿನ ಮಾತು. ಭಾರತದಲ್ಲಿ ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಈ ಗಿಡ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ. ಬದುವಿನಲ್ಲಿ ಎರಡೇ ಗಿಡ ಅಂದರೂ ಕೇಸು ಕೇಸೇ.

ಪ್ರಶ್ನೆ (ಮೀಸಾ): ಜೂನ್, ಜುಲೈ ಕಾಟವೇ ಬೇಡ ಅಂದರೆ ಯಾವಾಗ ನೆಡಬೇಕು ಸರ್?

ಉತ್ತರ: ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ 110 ಫ್ಯಾರನ್‌ಹೀಟ್ ಮುಟ್ಟಿತು ಅಥವಾ ದಾಟಿತು. ಅಂಥ ತಿಂಗಳ ಜೊತೆ ಜಟಾಪಟಿ ಯಾಕೆ? ಸಾಮಾನ್ಯ ತಳಿಗಳು ರಾತ್ರಿ ಉದ್ದವಾಗುವ ತನಕ ಹೂ ಬಿಡುವುದಿಲ್ಲ. ವಸಂತದಲ್ಲಿ ನೆಟ್ಟರೆ ಹೂವು ಶುರುವಾಗುವುದು ಆಗಸ್ಟ್ ಹೊತ್ತಿಗೆ, ಕೊಯ್ಲು ಅಕ್ಟೋಬರ್. ಅಂದರೆ ಇಡೀ ಬೇಸಿಗೆ ಗಿಡ ಹೊರಗೆ ನಿಲ್ಲಲೇಬೇಕು.

ಆಟೋಫ್ಲವರ್ ತಳಿ ಹಾಗಲ್ಲ. ಅದಕ್ಕೆ ಹಗಲು ರಾತ್ರಿಯ ಲೆಕ್ಕವಿಲ್ಲ, ಬೀಜದಿಂದ 10ರಿಂದ 12 ವಾರದಲ್ಲಿ ಕೊಯ್ಲಿಗೆ ಬರುತ್ತದೆ. ಹಿಮದ ಭಯ ಕಳೆದ ಮೇಲೆ, ಫೆಬ್ರವರಿ ಕೊನೆಗೆ ಬೀಜ ಹಾಕಿದರೆ ಮೇ ತಿಂಗಳಲ್ಲಿ ಕೊಯ್ದು ಕೈ ತೊಳೆದುಕೊಳ್ಳಬಹುದು. ಇಲ್ಲವೇ ಸೆಪ್ಟೆಂಬರ್‌ನಲ್ಲಿ ಹಾಕಿ ಚಳಿ ಜೋರಾಗುವ ಮೊದಲು ಮುಗಿಸಬಹುದು. ಗಿಡ ಚಿಕ್ಕದು, ಫಸಲೂ ಕಮ್ಮಿ. ಆದರೂ ಮನೆ ಬಳಕೆಗೆ ನಾನು ಇದನ್ನೇ ಹೇಳುವುದು. ಹೂವಿನ ಪರಿಮಳವೂ ಹದವಾದ ಹವೆಯಲ್ಲಿ ಚೆನ್ನಾಗಿ ಉಳಿಯುತ್ತದೆ.

ಪ್ರಶ್ನೆ (ಚಾಂಡ್ಲರ್, ಮೊದಲು ಕೇಳಿದ ಸದಸ್ಯರು): ನಮ್ಮದು ಸಾಮಾನ್ಯ ತಳಿಯೇ ಸರ್. ಜುಲೈ ಮಳೆ ಶುರುವಾದ ಮೇಲೆ ಏನು ನೋಡಿಕೊಳ್ಳಬೇಕು?

ಉತ್ತರ: ಮಳೆಗಿಂತ ಮೊದಲು ಧೂಳು ಬರುತ್ತದೆ ಮೇಡಂ. ಧೂಳು ಕೂತ ಒಣ ಎಲೆಯ ಕೆಳಗೆ ನುಸಿ ಸೇರಿಕೊಳ್ಳುತ್ತದೆ. ಎಲೆ ಮಗುಚಿ ನೋಡಿ, ಸಣ್ಣ ಚುಕ್ಕೆ, ಸಣ್ಣ ಬಲೆ ಕಂಡರೆ ಅದೇ. ಧೂಳಿನ ಗಾಳಿ ಎದ್ದ ಮಾರನೇ ಬೆಳಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಹೊಡೆದು ತೊಳೆಯಿರಿ. ಹೂ ಕಟ್ಟಿದ ಮೇಲೆ ಬೇವಿನ ಎಣ್ಣೆ ಹೊಡೆಯಬೇಡಿ, ಅದು ಹೂವಲ್ಲೇ ಉಳಿಯುತ್ತದೆ.

ಸೆಪ್ಟೆಂಬರ್‌ನಲ್ಲಿ ಹೂವಿನ ಒಳಗೆ ಹುಳು. ಕಲಬುರಗಿ ಕಡೆ ತೊಗರಿಗೆ ಬೀಳುವ ಕಾಯಿಕೊರಕ ಗೊತ್ತಲ್ಲ, ಅದರದೇ ಕುಲದ್ದು. ಹಸಿರು ಹೂವಿನ ಮಧ್ಯೆ ಒಂದೇ ಒಂದು ಎಲೆ ಒಣಗಿ ನಿಂತಿದ್ದರೆ ಅದನ್ನು ಮೆಲ್ಲಗೆ ಎಳೆಯಿರಿ. ಸಲೀಸಾಗಿ ಕಿತ್ತು ಬಂದರೆ ಒಳಗೆ ಹುಳುವೋ ಅದರ ಹಿಕ್ಕೆಯೋ ಇರುತ್ತದೆ, ಹಿಂದೆಯೇ ಕೊಳೆ ಬರುತ್ತದೆ. ಕೊಳೆತ ಭಾಗವನ್ನು ಒಂದು ಬೆರಳು ಕೆಳಗಿನಿಂದ ಕತ್ತರಿಸಿ ಬಿಸಾಕಿ, ಬಳಸಬೇಡಿ. ಹುಳುವಿಗೆ ಬಿಟಿ, ಅಂದರೆ ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಔಷಧಿ, ಸಾಕು. ಹೂವು ಇನ್ನೂ ಚಿಕ್ಕದಿರುವಾಗಲೇ ಶುರು ಮಾಡಿ, ಸಂಜೆ ಹೊತ್ತು ಹೊಡೆಯಿರಿ. ಬಿಸಿಲಿಗೆ ಅದರ ಶಕ್ತಿ ಹೋಗಿಬಿಡುತ್ತದೆ. ಮಳೆ ಬಂದು ನಿಂತ ಮೇಲೆ ಗಿಡ ಅಲ್ಲಾಡಿಸಿ ನೀರು ಉದುರಿಸಿ. ಕುಂಡ ಕುಂಡಕ್ಕೆ ಒಬ್ಬರು ಸಲೀಸಾಗಿ ಓಡಾಡುವಷ್ಟು ಜಾಗ ಬಿಡಿ. ಎಲೆಯ ಫೋಟೋ ಹಾಕುವಾಗ ಬೆಳಗ್ಗೆ ಆರರದ್ದೇ ಹಾಕಿ, ಮಧ್ಯಾಹ್ನದ್ದು ನೋಡಿ ನನಗೆ ಏನೂ ಹೇಳಲಾಗದು.