ಐದು ತಂಡ, ಒಂದು ರಿಲೀಸ್: ನಿಮ್ಮಲ್ಲಿ ಹೇಗೆ ಮಾಡುತ್ತೀರಿ?

ದೇರೆಬೈಲಿನವ: ನಮ್ಮಲ್ಲಿ ಐದು ತಂಡ, ಒಂದೇ ವೆಬ್ ಆಪ್. ತಿಂಗಳಿಗೊಮ್ಮೆ ಎಲ್ಲರದ್ದೂ ಒಟ್ಟಿಗೆ ರಿಲೀಸ್. ಒಬ್ಬರು ತಡ ಮಾಡಿದರೆ ಉಳಿದವರೆಲ್ಲ ಕಾಯಬೇಕು. ದಿನ ಗೊತ್ತು ಮಾಡಿ, ಅಷ್ಟರಲ್ಲಿ ಮುಗಿದದ್ದನ್ನು ಮಾತ್ರ ಹತ್ತಿಸಿಕೊಂಡು ಹೋಗುವ ರಿಲೀಸ್ ಟ್ರೈನ್ ಓಡಿಸುವುದಾ, ಅವರವರದ್ದು ಅವರೇ ಬಿಡುವುದಾ? ಅನುಭವ ಇದ್ದವರು ಹೇಳಿ.

ಕೊಟ್ಟಾರದವ: ಟ್ರೈನೇ ಸರಿ ಮಾರಾಯ್ರೆ. ನಮ್ಮದು ಎರಡು ವಾರಕ್ಕೊಮ್ಮೆ, ಮಂಗಳವಾರ. ಬ್ರಾಂಚ್ ಕಟ್, ಅಂದರೆ ಆ ರಿಲೀಸಿನ ಕೋಡನ್ನು ಬೇರೆ ಮಾಡಿಡುವುದು, ಗುರುವಾರ ಸಂಜೆ 5ಕ್ಕೆ. 5:10ಕ್ಕೆ ಬಂದರೆ ಮುಂದಿನ ಟ್ರೈನ್. ಇಷ್ಟು ಒಪ್ಪಿಸಲು ಎಂಟು ತಿಂಗಳು ಬೇಕಾಯಿತು. ಮೊದಲ ಸಲ ನಾನೇ ಸೋತೆ. ಮ್ಯಾನೇಜರ್ ಹೇಳಿದರೆಂದು ಕಟ್ ಆದ ಮೇಲೂ 14 ಚೆರ್ರಿ-ಪಿಕ್ (ಬೇಕಾದ ಬದಲಾವಣೆಯನ್ನಷ್ಟೇ ಹೆಕ್ಕಿ ತರುವುದು) ತಗೊಂಡೆ. ಅದರಲ್ಲಿ ಒಂದಕ್ಕೆ ಬೇಕಾದ ಇನ್ನೊಂದು ಕಮಿಟ್ (ಕೋಡಿನ ಬದಲಾವಣೆ) ತರಲು ಮರೆತಿದ್ದೆವು. ಬಿಲ್ಲಿಂಗ್ ಪುಟ ಖಾಲಿ! ರಾತ್ರಿ 1:40ರವರೆಗೆ ಆಫೀಸಿನಲ್ಲೇ. ಹೊರಗೆ ಜುಲೈ ಮಳೆ, ಕರೆಂಟು ಎರಡು ಸಲ ಹೋಯಿತು. ಊಟಕ್ಕೆ ಎರಡು ಬನ್ಸ್, ಅದೂ ತಣ್ಣಗಾದದ್ದು.

ಮಣಿಪಾಲದವಳು: ಟ್ರೈನ್ ಬೇಡವೇ ಬೇಡ. ನಾವು ಎಲ್ಲವನ್ನೂ ಮೇನ್‌ಗೇ (ಎಲ್ಲರ ಒಂದೇ ಮುಖ್ಯ ಕೋಡಿಗೆ) ಮರ್ಜ್ ಮಾಡುತ್ತೇವೆ, ಮುಗಿಯದ್ದನ್ನು ಫೀಚರ್ ಫ್ಲ್ಯಾಗ್ (ಕೋಡಿನ ಒಂದು ಭಾಗವನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಿ ಮುಚ್ಚಿಡುತ್ತೇವೆ. ದಿನಕ್ಕೆ ನಾಲ್ಕು ರಿಲೀಸ್. ಸುಮ್ನೆ ಆಗಲಿಲ್ಲ ಇದು. 52 ನಿಮಿಷದ ಟೆಸ್ಟನ್ನು 11ಕ್ಕೆ ಇಳಿಸಲು ಇಬ್ಬರು ಮೂರು ತಿಂಗಳು ಬೇರೆ ಕೆಲಸ ಮುಟ್ಟಲಿಲ್ಲ. ಒಮ್ಮೆ ಡೇಟಾಬೇಸ್ ಕಾಲಂ ಹೆಸರು ಬದಲಿಸಿ, ಓಡುತ್ತಿದ್ದ ಹಳೆ ಕೋಡ್ ಬಿದ್ದೇಹೋಯಿತು. ಈಗ ಮೊದಲು ಹೊಸ ಕಾಲಂ ಸೇರಿಸಿ, ಎರಡಕ್ಕೂ ಬರೆದು, ಹಳೆಯದನ್ನು ಕೊನೆಗೆ ತೆಗೆಯುತ್ತೇವೆ.

ಕೊಟ್ಟಾರದವ: ಫ್ಲ್ಯಾಗಾ? ಅಮೆರಿಕದ ಷೇರು ವ್ಯಾಪಾರದ ಕಂಪನಿ ನೈಟ್ ಕ್ಯಾಪಿಟಲ್ ಕತೆ ಗೊತ್ತುಂಟಲ್ಲ. 2012ರ ಆಗಸ್ಟ್ 1. ಹಳೆ ಫ್ಲ್ಯಾಗನ್ನೇ ಹೊಸ ಕೆಲಸಕ್ಕೆ ಬಳಸಿದರು. ಎಂಟು ಸರ್ವರಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ, ಅಲ್ಲಿ ಆ ಫ್ಲ್ಯಾಗ್ ಹಳೆ ಕೋಡನ್ನೇ ಓಡಿಸಿತು. 45 ನಿಮಿಷದಲ್ಲಿ 40 ಕೋಟಿ ಡಾಲರಿಗೂ ಜಾಸ್ತಿ ನಷ್ಟ.

ಮಣಿಪಾಲದವಳು: ಅದು ಕೈಯಲ್ಲಿ ಡಿಪ್ಲಾಯ್ ಮಾಡಿದ್ದರ (ಹೊಸ ಕೋಡನ್ನು ಸರ್ವರಿಗೆ ಹಾಕಿದ್ದರ) ಫಲ. ಸತ್ತ ಕೋಡನ್ನು ತೆಗೆಯದೆ ಇಟ್ಟಿದ್ದರು ಬೇರೆ. ನಿಮ್ಮ 14 ಚೆರ್ರಿ-ಪಿಕ್ಕಿಗೆ ಯಾವ ಫ್ಲ್ಯಾಗ್ ಕಾರಣ ಸ್ವಾಮಿ?

ಸುರತ್ಕಲ್‌ನವ: ನಮ್ಮದು ಮೊಬೈಲ್ ಆಪ್. ಆಪ್ ಸ್ಟೋರಿನವರು ರಿವ್ಯೂ ಮಾಡಬೇಕು. ಜನರ ಫೋನಿನಲ್ಲಿ ಹಳೆ ವರ್ಷನ್ ವರ್ಷಗಟ್ಟಲೆ ಇರುತ್ತದೆ. ರೋಲ್‌ಬ್ಯಾಕ್ (ಬಿಟ್ಟದ್ದನ್ನು ಹಿಂದಕ್ಕೆ ತೆಗೆಯುವುದು) ಅನ್ನುವುದೇ ಇಲ್ಲ. ದಿನಕ್ಕೆ ನಾಲ್ಕಂತೆ!

ಮಣಿಪಾಲದವಳು: ನಿಮಗೆ ಯಾರು ಹೇಳಿದ್ದು?

ಸುರತ್ಕಲ್‌ನವ: ಎಲ್ಲರಿಗೂ ಅದೇ ಪಾಠ ಮಾಡುತ್ತೀರಲ್ಲ, ಅದಕ್ಕೆ.

ಕೊಟ್ಟಾರದವ: ನನಗೂ ಹಾಗೇ ಅನ್ನಿಸಿತು.

ದೇರೆಬೈಲಿನವ: ನಮ್ಮದು ವೆಬ್ ಆಪ್ ಅಂದಿದ್ದೆ. ಟೆಸ್ಟ್ ಮುಗಿಯಲು ಎರಡು ಗಂಟೆ ಬೇಕು. ಮೊದಲು ಯಾವುದನ್ನು ಸರಿ ಮಾಡಲಿ?

ಸುರತ್ಕಲ್‌ನವ: ನಿಮ್ಮಲ್ಲಿ ಟೆಸ್ಟ್ ಉಂಟಾ? ಪುಣ್ಯವಂತರು.