ಸಾಲವೂ ನೆರವು, ದಾನವೂ ನೆರವು: ಬೇರೆ ಪದ ಬೇಡವಾ?

ನಮಸ್ಕಾರ ಎಲ್ಲರಿಗೂ. ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿದೆ.

2022ರ ಫೆಬ್ರವರಿ. ಮೂಡಿಗೆರೆ ಹತ್ತಿರ ನಮ್ಮ ಮನೆ ಕಣದಲ್ಲಿ ರೋಬಸ್ಟಾ ಹರವಿತ್ತು. ದೊಡ್ಡಪ್ಪ ಕಾಫಿ ಕೈಯಾಡಿಸುತ್ತಿದ್ದರು, ನಾನು ಪೇಪರ್ ಓದಿ ಹೇಳುತ್ತಿದ್ದೆ. ಪೆಟ್ರೋಲ್, ಡೀಸೆಲ್ ಕೊಳ್ಳಲು ಶ್ರೀಲಂಕಾಗೆ ಭಾರತದಿಂದ 50 ಕೋಟಿ ಡಾಲರ್ ನೆರವು ಅಂದೆ. "ಸುಮ್ನೆ ಕೊಟ್ರೇನೋ, ಇಲ್ಲ ವಾಪಸ್ ಕೊಡ್ಬೇಕಾ?" ಅಂದರು. ಕೆಳಗೆ ಓದಿದೆ. ಭಾರತ ಸರ್ಕಾರದ ಎಕ್ಸಿಮ್ ಬ್ಯಾಂಕಿನ ಸಾಲ. "ಹಂಗಾದ್ರೆ ಸಾಲ ಅಂತ್ಲೇ ಬರೀಬೇಕಲ್ವಾ?"

ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ವಿಶ್ವಬ್ಯಾಂಕ್ ಸಾಲದಲ್ಲಿ ಮಾಡಿದ ರಸ್ತೆಗೂ 'ನೆರವು' ಅಂತಲೇ ಬೋರ್ಡು ಹಾಕುತ್ತೇವೆ. ಭೂಕಂಪವಾದ ಊರಿಗೆ ಕಳಿಸಿದ ಔಷಧಿಯೂ ನೆರವು. ತೀರಿಸಬೇಕಾದ್ದು, ತೀರಿಸಬೇಕಾಗಿಲ್ಲದ್ದು ಎರಡಕ್ಕೂ ಒಂದೇ ಪದ. ಶ್ರೀಮಂತ ದೇಶಗಳ ಒಇಸಿಡಿ ಕೂಟದಲ್ಲೂ ಇದೇ ತಕರಾರು ಇತ್ತು. ಮೊದಲು ಕಡಿಮೆ ಬಡ್ಡಿಯ ಸಾಲವನ್ನು ಪೂರ್ತಿಯಾಗಿ ನೆರವಿನ ಲೆಕ್ಕಕ್ಕೆ ಹಿಡಿಯುತ್ತಿದ್ದರು. 2018ರ ಲೆಕ್ಕದಿಂದ ಆ ಸಾಲದಲ್ಲಿ ದಾನಕ್ಕೆ ಸಮನಾದ ಪಾಲನ್ನು, ಅಂದರೆ ರಿಯಾಯಿತಿಯಾಗಿ ಬಿಟ್ಟುಕೊಟ್ಟಷ್ಟನ್ನು, ಮಾತ್ರ ಹಿಡಿಯುತ್ತಾರೆ.

ದಾನದ ಭಾಗಕ್ಕೆ 'ಅನುದಾನ' ಅನ್ನೋಣವೆಂದರೆ, ಪಂಚಾಯ್ತಿಯಲ್ಲಿ ಅನುದಾನ ಅಂದರೆ ಮೇಲಿಂದ ಬರಬೇಕಾದ ನಮ್ಮ ಪಾಲಿನ ದುಡ್ಡು. ಹದಿನೈದನೇ ಹಣಕಾಸು ಆಯೋಗದ ಅನುದಾನವನ್ನು ಯಾರೂ ದಾನ ಅಂದುಕೊಳ್ಳುವುದಿಲ್ಲ, ಅಂದುಕೊಳ್ಳಲೂ ಬಾರದು.

ಇನ್ನೊಂದು ಪದ ಇದಕ್ಕಿಂತ ಕಷ್ಟದ್ದು. ಎಸ್.ಎಂ. ಕೃಷ್ಣ ವಿದೇಶಾಂಗ ಸಚಿವರಾಗಿದ್ದಾಗ, 2012ರಲ್ಲಿ, ಆ ಸಚಿವಾಲಯದಲ್ಲಿ ಬೇರೆ ದೇಶಗಳಿಗೆ ಇಂಥ ನೆರವು ಕೊಡುವ ಕೆಲಸಕ್ಕೇ ಒಂದು ವಿಭಾಗ ಶುರುವಾಯಿತು. ನಾವು ಕೊಡುವವರು, ನೀವು ತೆಗೆದುಕೊಳ್ಳುವವರು ಅನ್ನುವ ಭಾವ ಬೇಡ ಅಂತ ಅದರ ಹೆಸರಲ್ಲಿ 'ನೆರವು' ಇಡಲಿಲ್ಲ. ಅದು 'ಅಭಿವೃದ್ಧಿ ಸಹಭಾಗಿತ್ವ'. 1964ರಿಂದ ನಡೆಯುತ್ತಿರುವ ಐಟೆಕ್ ಕಾರ್ಯಕ್ರಮದಲ್ಲಿ ಬೇರೆ ದೇಶಗಳ ಅಧಿಕಾರಿಗಳು ಇಲ್ಲಿಗೆ ಬಂದು ತರಬೇತಿ ಪಡೆಯುವುದೂ ಇದೇ ಲೆಕ್ಕಕ್ಕೆ. ಆಶಯ ಒಳ್ಳೆಯದೇ. ಆದರೆ 'ಸಹಭಾಗಿತ್ವ' ಅಂದರೆ ದೊಡ್ಡಪ್ಪನಿಗೆ ಏನೂ ಹೊಳೆಯುವುದಿಲ್ಲ.

ನಮ್ಮಲ್ಲಿ 'ಮುಯ್ಯಾಳು' ಇದೆ. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಬಡ್ಡಿ ಇಲ್ಲ, ಪತ್ರ ಇಲ್ಲ, ಮೇಲು ಕೀಳು ಇಲ್ಲ. ಮದುವೆ ಮನೆಯ ಮುಯ್ಯಿಯೂ ಹಾಗೇ. ಯಾರು ಎಷ್ಟು ಕೊಟ್ಟರು ಅಂತ ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆ ಮದುವೆಗೆ ಅಷ್ಟಾದರೂ ಕೊಡುತ್ತೇವೆ. 'ಸಹಭಾಗಿತ್ವ'ಕ್ಕೆ ನನಗಂತೂ ಇದೇ ಹತ್ತಿರದ ಪದ ಅನ್ನಿಸುತ್ತದೆ.

ತೊಡಕು ಒಂದೇ. 'ಮುಯ್ಯಿ ತೀರಿಸಿಕೊಂಡ' ಅಂದರೆ ಸೇಡು ಅಂತ ಅರ್ಥ. ಎರಡು ದೇಶಗಳ ಸುದ್ದಿಯಲ್ಲಿ 'ಮುಯ್ಯಿ' ಕಂಡರೆ ಯುದ್ಧ ಅಂದುಕೊಂಡಾರು. ನಿಮ್ಮ ಊರ ಕಡೆ ಮುಯ್ಯಿ ಅಂದಾಗ ಮೊದಲು ಹೊಳೆಯುವುದು ಯಾವುದು, ಉಡುಗೊರೆಯೋ ಸೇಡೋ? 'ಮುಯ್ಯಾಳು' ಅಂತ ಪೂರ್ತಿ ಬರೆದರೆ ಈ ಗೊಂದಲ ತಪ್ಪೀತಾ?